ಬಸುರಿಯ ಮನೆಯಲ್ಲಿ ಒಣ ದಿನ

ಡೆಂಗಿ ಜ್ವರ ನಮ್ಮೂರಿಗೆ ಬಂದ ಆ ಮಳೆಗಾಲದಲ್ಲಿ ನನ್ನ ತಂಗಿ ಚೊಚ್ಚಲ ಹೆರಿಗೆಗೆಂದು ತವರಿನಲ್ಲಿದ್ದಳು. ಮಳೆಗಾಲ ಎಂಬ ಪದವನ್ನು ಪಂಚಾಂಗದ ಅರ್ಥದಲ್ಲಷ್ಟೇ ಬಳಸುತ್ತಿದ್ದೇನೆ. ನವಲಗುಂದ ತಾಲೂಕಿನ ನಮ್ಮ ಎರೆಹೊಲಗಳಲ್ಲಿ ಹೆಸರು ಕಾಳು ಮೊಳೆಯುವಷ್ಟು ಹನಿದು ಮಳೆ ಹಿಂದೆ ಸರಿದಿತ್ತು. ಅಲ್ಲಿ ನೆಲದೊಳಗಿನ ನೀರು ಉಪ್ಪು. ಕುಡಿಯಲು ಕೆರೆಯ ನೀರೇ ಆಗಬೇಕು. ಕೆರೆ ಕಾಲುವೆಯಿಂದ ತುಂಬಬೇಕು, ಕೆರೆಯಿಂದ ನಲ್ಲಿಗೆ ಬರಬೇಕು. ಅದು ಯಾವ ದಿನ ಬರುತ್ತದೆಂದು ನೀರು ಬಿಡುವವನಿಗೂ ಖಚಿತವಾಗಿ ತಿಳಿದಿರುತ್ತಿರಲಿಲ್ಲ. ಆದ್ದರಿಂದ ಬಂದ ದಿನ ಮನೆಯಲ್ಲಿದ್ದ ಪಾತ್ರೆಗಳೆಲ್ಲ ತುಂಬುತ್ತಿದ್ದವು: ಬ್ಯಾರಲ್ಲು, ಕೊಡ, ಹಂಡೆ, ಕೊನೆಗೆ ಸಾರು ಮಾಡುವ ಬೋಗುಣಿಯೂ.

ತಂಗಿ ಬಂದ ಮೇಲೆ ಅವ್ವ ಅಟ್ಟದಿಂದ ಒಂದು ಹರವಿಯನ್ನು, ಅಂದರೆ ದೊಡ್ಡ ಮಣ್ಣಿನ ಗಡಿಗೆಯನ್ನು, ಇಳಿಸಿ ತೊಳೆದು ನಡುಮನೆಯ ತಂಪಾದ ಮೂಲೆಯಲ್ಲಿ ಇಟ್ಟಳು. ಅದು ತಂಗಿಗೆ ಮೀಸಲು. ಕೆರೆಯ ಕಂದು ನೀರು ಅದರಲ್ಲಿ ಅಲುಗದೆ ನಿಂತು ತಿಳಿಯಾಗುತ್ತಿತ್ತು. ಅವ್ವ ಮೇಲಿನ ತಿಳಿಯನ್ನು ಮಾತ್ರ ಚರಿಗೆಯಿಂದ ಮೆಲ್ಲಗೆ ಎತ್ತಿ ಮಗಳಿಗೆ ಕೊಡುತ್ತಿದ್ದಳು. ನಮಗಿಬ್ಬರಿಗೆ ಬ್ಯಾರಲ್ಲಿನ ನೀರು. ತಂಗಿಯ ಮಂಚ ಆ ಹರವಿಯ ಪಕ್ಕದಲ್ಲೇ ಇತ್ತು. ಮನೆಯಲ್ಲಿ ಅಷ್ಟು ತಂಪು ಜಾಗ ಮತ್ತೊಂದಿರಲಿಲ್ಲ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಊರಿನ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಈ ಕಾರಣದಿಂದ ಸರ್ಕಾರದ ಯಾವ ಮಾತು ಊರಿಗೆ ಬಂದರೂ ಜನ ಅದರ ಅರ್ಥವನ್ನು ನನ್ನಲ್ಲಿ ಕೇಳುತ್ತಿದ್ದರು. ಆ ಮಾತಿನಲ್ಲಿ ಅರ್ಥವಿಲ್ಲದಿದ್ದರೆ ಬೈಗುಳವೂ ನನಗೇ ಸಲ್ಲುತ್ತಿತ್ತು.

ನಲ್ಲಿಗೆ ನೀರು ಬಂದಿದ್ದ ಒಂದು ಬೆಳಿಗ್ಗೆ, ನಾವೆಲ್ಲ ಸರದಿಯಲ್ಲಿ ನಿಂತಿದ್ದಾಗಲೇ, ಧ್ವನಿವರ್ಧಕ ಕಟ್ಟಿಕೊಂಡ ಆಟೊ ಓಣಿಗೆ ಬಂತು. ಡೆಂಗಿ ಹರಡುವ ಸೊಳ್ಳೆಯು ಶೇಖರಿಸಿಟ್ಟ ಶುದ್ಧ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಸಾರ್ವಜನಿಕರು ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನು ಬರಿದು ಮಾಡಿ, ತಿಕ್ಕಿ ತೊಳೆದು, ಬೋರಲು ಹಾಕಿ, ಒಣ ದಿನವನ್ನು ಆಚರಿಸಬೇಕು ಎಂದು ಅದು ಹೇಳಿತು.

"ಒಣ ದಿನಾ? ನಮ್ಮೂರಾಗ ದಿನಾನೂ ಒಣ ದಿನನ ಐತಲ್ಲಬೇ. ಮತ್ತ ಬ್ಯಾರೆ ಏನ ಆಚರಿಸೂಣು?" ಎಂದಳು ನನ್ನ ಹಿಂದೆ ನಿಂತಿದ್ದವಳು.

"ಒಣ ದಿನ ಅಂದ್ರ ಶೆರೆ ಅಂಗಡಿ ಬಂದ್ ಇರತೈತಿ. ಅದನ್ನರ ಮಾಡ್ಲಿ ಮೊದಲ, ನಮ್ಮ ಮನ್ಯಾಂವ ಒಂದ ದಿನ ಸುದ್ದ ಇದ್ದಾನು" ಎಂದಳು ಇನ್ನೊಬ್ಬಳು. ಸರದಿಯ ತುಂಬ ನಗು ಎದ್ದಿತು.

ನಮ್ಮ ಬಾಜು ಮನೆಯ ಕಾಕಾ ಕೊಡ ಹಿಡಿದು ಅಲ್ಲೇ ಇದ್ದರು. ಅವರು ಮುಸಲ್ಮಾನರು, ಗೂಡ್ಸ್ ಟೆಂಪೊ ಓಡಿಸಿ ಹುಬ್ಬಳ್ಳಿಗೆ ಕಾಳುಕಡಿ ಸಾಗಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಕಷ್ಟಕ್ಕೆ ಮೊದಲು ಬರುತ್ತಿದ್ದವರು ಅವರೇ.

"ಅಲ್ರಿ ಅಕ್ಕೋರ, ನೀವು ಓದಿದವರು. ನೀರು ಕೊಡಾಕ ಆಗದ ಸರಕಾರ, ಇದ್ದ ನೀರು ಚೆಲ್ಲು ಅಂತೈತಲ್ಲ, ಇದು ಯಾವ ಪುಸ್ತಕದಾಗ ಐತ್ರಿ?"

"ಕಾಕಾ, ಹಂಗಲ್ಲ. ನೀರು ಬಿಡೂದು ಒಂದ ಇಲಾಖೆ, ಜ್ವರ ನೋಡೂದು ಇನ್ನೊಂದ ಇಲಾಖೆ" ಎಂದೆ.

"ಹೌದ್ರಿ? ಹಂಗಾರ ಸೊಳ್ಳಿಗೂ ಅಷ್ಟ ಹೇಳಿಬಿಡ್ರಿ. ಯಾವ ಇಲಾಖಾದವ್ರಂತ ಕೇಳಿ ಕಡೀಲಿ."

ಜನ ಮತ್ತೆ ನಕ್ಕರು, ನಾನೂ ನಕ್ಕೆ. ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟು ಸರಿಯಾದ ಮಾತು ಅಷ್ಟು ನಿರುಪಯುಕ್ತವಾಗಿ ಕೇಳಿಸಬಹುದೆಂದು ಮಾತ್ರ ನನಗೆ ಅದುವರೆಗೆ ತಿಳಿದಿರಲಿಲ್ಲ.

ಅದೇ ವಾರ ಆಶಾ ಕಾರ್ಯಕರ್ತೆ ನಮ್ಮ ಮನೆಗೆ ಬಂದಳು. ನಮ್ಮದೇ ಓಣಿಯ ಹುಡುಗಿ. ಅವ್ವನನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ಬ್ಯಾರಲ್ಲುಗಳೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ನಡುಮನೆಗೆ ಬಂದು, ಹರವಿಯ ಮೇಲಿನ ತಾಟು ಸರಿಸಿದಳು. ತಿಳಿನೀರಿನಲ್ಲಿ ದಾರದ ಚೂರುಗಳಂತಹ ಹುಳಗಳು ಕೊಂಕುತ್ತ ಮೇಲೇರಿ ಮತ್ತೆ ಇಳಿಯುತ್ತಿದ್ದವು.

"ಕಾಕು, ಇದನ್ನ ಚೆಲ್ಲಬೇಕ್ರಿ. ಚೆಲ್ಲಿ, ತಿಕ್ಕಿ, ಬೋರಲ ಹಾಕಬೇಕು."

ಅವ್ವ ಒಮ್ಮೆ ಅವಳನ್ನು, ಒಮ್ಮೆ ಮಂಚದ ಮೇಲಿದ್ದ ತಂಗಿಯನ್ನು ನೋಡಿದಳು.

"ಏನಂದಿ? ಯಾರ ಸತ್ತಾರ ನಮ್ಮನ್ಯಾಗ?"

ಈ ಪ್ರಶ್ನೆಯನ್ನು ಆ ಆಟೊದಲ್ಲಿ ಮಾತನಾಡಿದವರು ಊಹಿಸಿರಲಾರರು. ನಮ್ಮಲ್ಲಿ ತುಂಬಿದ ನೀರನ್ನೆಲ್ಲ ಚೆಲ್ಲಿ ಪಾತ್ರೆಗಳನ್ನು ಅಂಗಳದಲ್ಲಿ ಬೋರಲು ಹಾಕುವುದು ಮನೆಯಿಂದ ಹೆಣ ಎತ್ತಿದ ದಿನ. ಅಪ್ಪ ಹೋದ ದಿನ ಓಣಿಯ ಹೆಂಗಸರು ನಮ್ಮ ಹಂಡೆ ಕೊಡಗಳನ್ನೆಲ್ಲ ಹಾಗೆಯೇ ಸಾಲಾಗಿ ಬೋರಲು ಹಾಕಿದ್ದರು. ಸರ್ಕಾರ ಕೇಳುತ್ತಿದ್ದುದು ಅದನ್ನೇ. ಅದೂ ವಾರಕ್ಕೊಮ್ಮೆ, ಬಸುರಿ ಮಲಗಿದ ಮನೆಯಲ್ಲಿ.

"ಮ್ಯಾಲಿಂದ ಹೇಳ್ಯಾರ ಕಾಕು, ನಾ ಹೇಳಾಕತ್ತೇನಿ" ಎಂದಳು ಹುಡುಗಿ.

"ಮ್ಯಾಲಿನವ್ರಿಗೆ ಹೇಳು, ಬಸುರಿ ಇದ್ದ ಮನ್ಯಾಗ ಹರವಿ ಬರಿದ ಆಗಬಾರದಂತ. ಅವ್ರ ಮನ್ಯಾಗೂ ಹೆಣ್ಮಕ್ಕಳು ಹಡದಿರಬೇಕಲ್ಲ."

"ಅವ್ವಾ, ವೈಜ್ಞಾನಿಕವಾಗಿ ನೋಡಿದರೆ..." ಎಂದು ನಾನು ಆರಂಭಿಸಿದೆ.

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಇದೇನ ನಿನ್ನ ಸಾಲ್ಯಾಗಿನ ಎಂಟನೇತ್ತಾ ಅಂತ ತಿಳದೀಯೇನ? ಬಿಡ. ನೀರು ಮುಂದ ಯಾವಾಗ ಬರತೈತಿ, ಅದನ್ನ ಹೇಳ ಮೊದಲ."

ಹುಳ ಸಾಯುವ ಹನಿ ಔಷಧವನ್ನಾದರೂ ಹಾಕುತ್ತೇನೆ ಎಂದಳು ಹುಡುಗಿ. ಮಗಳು ಕುಡಿಯುವ ನೀರಿಗೆ ಔಷಧ ಬೇಡವೆಂದಳು ಅವ್ವ. ಕೊನೆಗೆ ಒಂದು ರಾಜಿಯಾಯಿತು. ಅವ್ವ ಬಿಳಿ ಅರಿವೆಯಲ್ಲಿ ನೀರನ್ನು ಸೋಸಿ, ಹುಳವನ್ನೆಲ್ಲ ಹೊರಗೆ ಬಿಸಾಡಿ, ಅದೇ ನೀರನ್ನು ಅದೇ ಹರವಿಗೆ ತುಂಬಿದಳು. ಸೊಳ್ಳೆಯ ಮೊಟ್ಟೆ ಗಡಿಗೆಯ ಒಳಗೋಡೆಗೆ ಅಂಟಿಕೊಂಡು ಉಳಿಯುತ್ತದೆ, ಅದಕ್ಕೇ ತಿಕ್ಕಿ ತೊಳೆಯಿರಿ ಎನ್ನುತ್ತಾರೆ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ.

ತಂಗಿಗೆ ಜ್ವರ ಬಂದಾಗ ಮೊದಲು ಬಸುರಿನ ಉಷ್ಣವೆಂದುಕೊಂಡೆವು. ಮರುದಿನ ಅವಳಿಗೆ ಕಣ್ಣುಗುಡ್ಡೆ ಹೊರಳಿಸಿದರೂ ನೋವು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು, ಚೀಟಿಯಲ್ಲಿ 'ಶಂಕಿತ ಡೆಂಗಿ' ಎಂದು ಬರೆದು, ವರದಿ ಬರಲಿ ಎಂದರು. ನಾನು ಅದನ್ನು ಓದಿ ಹೇಳಿದ್ದೇ ತಡ, ಅವ್ವನ ಮುಖ ಕೆಂಪಾಯಿತು.

"ಶಂಕಿ? ನನ್ನ ಮಗಳ ಮ್ಯಾಲೆ ಏನ ಶಂಕಿ ಅವ್ರಿಗೆ?"

ಅನುಮಾನ ಜ್ವರದ ಮೇಲೆ, ಮಗಳ ಮೇಲಲ್ಲ ಎಂದು ತಿಳಿಸಲು ನನಗೆ ಸಾಕುಬೇಕಾಯಿತು. ವರದಿ ಬರಲಿಲ್ಲ. ಓಣಿಯಲ್ಲಿ ಆಗಲೇ ಹಲವು ಮನೆಗಳಲ್ಲಿ ಜನ ಮಲಗಿದ್ದರು. ವರದಿ ಬರುವವರೆಗೆ ಅದು ಡೆಂಗಿಯಲ್ಲ, ಬರೀ ಜ್ವರ. ಲೆಕ್ಕ ಕಡಿಮೆ ತೋರಿಸಲೆಂದೇ ವರದಿ ತಡೆದಿದ್ದಾರೆ ಎಂಬುದು ಊರಿನ ಅಭಿಪ್ರಾಯವಾಗಿತ್ತು. ಅದು ನಿಜವೋ ಸುಳ್ಳೋ ನಾನು ಅರಿಯೆ. ಒಂದು ಸಂಜೆ ಯಂತ್ರದವರು ಬಂದು ಗಟಾರಗಳ ಉದ್ದಕ್ಕೂ ಹೊಗೆ ಬಿಟ್ಟು ಫೋಟೊ ತೆಗೆಸಿಕೊಂಡು ಹೋದರು. "ಗಟಾರಕ್ಕ ಲೋಬಾನದ ಧೂಪ ಹಾಕಿ ಹೋದ್ರು ನೋಡ್ರಿ" ಎಂದರು ಕಾಕಾ.

ಆಮೇಲೆ ತಂಗಿಯ ಜ್ವರ ಇಳಿಯಿತು. ಅವಳು ಎದ್ದು ಕುಳಿತು ಎರಡು ತುತ್ತು ಅನ್ನ ಸಾರು ಉಂಡಳು. ಅವ್ವ ದೇವರ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕುಳಿತಳು. ಈ ಜ್ವರದಲ್ಲಿ ಮೈ ತಣ್ಣಗಾದ ಮೇಲೆಯೇ ಅಪಾಯ ಶುರುವಾಗುವುದುಂಟೆಂದು ಯಾವ ಧ್ವನಿವರ್ಧಕವೂ ನಮಗೆ ಹೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಅವಳ ಒಸಡಿನಿಂದ ರಕ್ತ ಬಂತು. ತೋಳಿನ ತುಂಬ ಸಾಸಿವೆಯಂತಹ ಕೆಂಪು ಚುಕ್ಕೆಗಳಿದ್ದವು. ಹೊಟ್ಟೆ ಹಿಂಡುತ್ತಿದೆ ಎಂದಳು. ಆಂಬುಲೆನ್ಸಿಗೆ ಫೋನು ಮಾಡಿದೆ. ಬೇರೊಂದು ಊರಿಗೆ ಹೋಗಿದೆ, ಕಾಯಿರಿ ಎಂದರು. ಕಾಕಾ ಕಾಯಲಿಲ್ಲ. ಟೆಂಪೊದ ಹಿಂದೆ ಚೀಲಗಳ ಮೇಲೆ ಗಾದಿ ಹಾಸಿದರು. ಅವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಟೆಂಪೊ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಹಾದಿ ಹಿಡಿಯಿತು.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ತೆಗೆದುಕೊಂಡರು. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ತೀರ ಇಳಿದಿದೆ, ಏರಿಸಬೇಕು ಎಂದರು. ತಂಗಿಯ ಗಂಡ ಅಣ್ಣಿಗೇರಿಯಿಂದ ಬಂದು ರಕ್ತ ಕೊಡಲು ತೋಳು ಚಾಚಿದ. ನಾನೂ ಅವ್ವನೂ ಹೊರಗಿನ ಪಡಸಾಲೆಯಲ್ಲಿ ಕುಳಿತೆವು. ಅಲ್ಲಿ ನಮ್ಮಂತೆಯೇ ಜ್ವರದವರ ಕಡೆಯ ಜನ ತುಂಬಿದ್ದರು.

"ಎಲ್ಲಾ ಹತೋಟಿಯೊಳಗ ಐತಿ ಅಂತ ಟೀವ್ಯಾಗ ಹೇಳಾಕತ್ತಾರ" ಎಂದ ಕುಂದಗೋಳದ ಕಡೆಯ ಮುದುಕನೊಬ್ಬ.

"ಹೌದ ಮತ್ತ, ಟೀವ್ಯಾಗ ಸೊಳ್ಳಿ ಇರೂದಿಲ್ಲಲ್ಲೋ ಯಜ್ಜಾ" ಎಂದ ಪಕ್ಕದವನು. ಮುದುಕ ನಗಲಿಲ್ಲ.

ನಮ್ಮನ್ನು ಬಿಟ್ಟು ಊರಿಗೆ ಮರಳಿದ್ದ ಕಾಕಾ ಮರುದಿನ ಮಧ್ಯಾಹ್ನ ಅಲ್ಲಿಂದ ಫೋನು ಮಾಡಿದರು. ಅಧಿಕಾರಿಗಳು ಬಂದು ಗುಡಿಯ ಮುಂದೆ ಸಭೆ ಸೇರಿಸಿದ್ದರು. ಜನ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದುದು ನನಗೂ ಕೇಳಿಸುತ್ತಿತ್ತು.

"ಅಕ್ಕೋರ, ಸಾಹೇಬ್ರು ಊರವರ ಅಭಿಪ್ರಾಯ ಏನಂತ ಕೇಳಾಕತ್ತಾರ. ನಮಗ ಬರೇ ಬೈಯಾಕ ಬರತೈತಿ. ನೀವು ಚೊಲೋತ್ನಾಗ ಹೇಳ್ರಿ, ಸ್ಪೀಕರ್ ಹಚ್ಚೇನಿ."

ಕೂಗಾಟ ನಿಂತಿತು. ಇಡೀ ಊರು ನನ್ನ ಮಾತಿಗೆ ಕಾಯುತ್ತಿತ್ತು. ವಾಕ್ಯ ನನ್ನಲ್ಲಿ ಸಿದ್ಧವಾಗಿಯೇ ಇತ್ತು. ರಾತ್ರಿಯೆಲ್ಲ ಅದನ್ನೇ ಕಟ್ಟಿದ್ದೆ. 'ಮಾನ್ಯರೇ, ನೀರನ್ನು ಶೇಖರಿಸದೆ ಬದುಕುವ ಮಾರ್ಗವನ್ನು ಕಲ್ಪಿಸದೆ, ಶೇಖರಿಸಬೇಡಿರೆಂದು ಆದೇಶಿಸುವುದು ನ್ಯಾಯವೇ?' ಮಾನ್ಯರೇ ಎಂದೆ. ಅಷ್ಟರಲ್ಲಿ ಒಳಗಿನಿಂದ ನರ್ಸ್ ಬಾಗಿಲು ತೆರೆದು ತಂಗಿಯ ಕಡೆಯವರು ಯಾರೆಂದು ಕೇಳಿದಳು. ನಾನು ಎದ್ದು ನಿಂತೆ. ಮಗುವಿನ ಎದೆಬಡಿತ ಸಿಗುತ್ತಿಲ್ಲ ಎಂದಳು.

"ಹೇಳಿ ಮೇಡಂ, ಹೇಳಿ, ಕೇಳ್ತಾ ಇದೆ" ಎನ್ನುತ್ತಿತ್ತು ಫೋನಿನಲ್ಲಿ ಯಾರದೋ ಸೌಜನ್ಯದ ದನಿ. ಫೋನನ್ನು ಹೇಗೆ ಬಂದ್ ಮಾಡಿದೆನೋ ತಿಳಿಯದು.

ಹೆಣ್ಣು ಕೂಸು. ತಂಗಿಯ ಗಂಡ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದ. ಹೋಗುವ ಮುನ್ನ ಅವ್ವ ಬಟ್ಟೆ ಸರಿಸಿ ಮುಖ ನೋಡಿದಳು. ತಂಗಿಯ ರಕ್ತ ನಿಲ್ಲಲು ಇನ್ನೂ ಬಹಳ ಹೊತ್ತು ಹಿಡಿಯಿತು. ಅವಳು ಬದುಕುತ್ತಾಳೆಂದು ವೈದ್ಯರು ಹೇಳಿದಾಗ ಅವ್ವ ಕೈ ಮುಗಿದಳು.

ತಂಗಿಯನ್ನು ಮನೆಗೆ ಕರೆತಂದ ಮೇಲೆ ಓಣಿಯವರು ಮಾತನಾಡಿಸಲು ಬಂದರು. ಸಾವಾದ ಮನೆಗೆ ಹೀಗೆ ಬಂದು ಕುಳಿತು ಹೋಗುವುದು ನಮ್ಮಲ್ಲಿ ರೂಢಿ. ಆದರೆ ಕಣ್ಣು ತೆರೆಯದ ಕೂಸಿನ ಬಗ್ಗೆ ಆಡುವುದಾದರೂ ಏನನ್ನು? ಗುಣ ಹೇಳುವಂತಿಲ್ಲ, ನೆನಪು ತೆಗೆಯುವಂತಿಲ್ಲ. ಆದ್ದರಿಂದ ಎಲ್ಲರೂ ಸರ್ಕಾರವನ್ನು ಬೈದರು. "ಅವ್ರ ಮನಿ ಹಾಳಾಗ್ಲಿ." "ಓಟಿಗೆ ಬರ್ಲಿ, ಕೊಡಪಾನ ತಗೊಂಡ ಬಡೀತೇವಿ." ಆ ಬೈಗುಳ ಅವ್ವನ ತಲೆ ಸವರಿದಂತಿತ್ತು; ಅವರು ಕೊಡಬಹುದಾಗಿದ್ದ ಸಾಂತ್ವನ ಅದೊಂದೇ. ಅವ್ವ ಮಾತ್ರ ಅದನ್ನು ತೆಗೆದುಕೊಳ್ಳಲಿಲ್ಲ. ಆಶಾ ಹುಡುಗಿ ಬಾಗಿಲ ಹೊರಗೇ ನಿಂತಿದ್ದಾಗ, "ಒಳಗ ಬಾರವ್ವ. ನೀ ಹೇಳಿದ್ದಿ. ನಿಂದೇನ ತಪ್ಪೈತಿ?" ಎಂದಳು. ಹುಡುಗಿ ಅಳುತ್ತ ಹೊರಟುಹೋದಳು.

ಅಂದಿನಿಂದ ಅವ್ವ ಊಟ ಬಿಟ್ಟಳು. ಬಿಟ್ಟಳು ಎಂದರೆ ತಾಟಿನ ಮುಂದೆ ಕೂರುತ್ತಿದ್ದಳು, ಕಲಸುತ್ತಿದ್ದಳು, ಎದ್ದು ಎಮ್ಮೆಗೆ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಬಂದವರೆಲ್ಲ ಎದ್ದು ಹೋದ ಮೇಲೆ ನಾನು ಅವಳ ಎದುರು ಕುಳಿತೆ.

"ಅವ್ವಾ, ಜನ ಹೇಳೂದು ಖರೆ ಐತಿ. ಇದು ಸರಕಾರದ್ದ ತಪ್ಪು."

"ಸರಕಾರ ಬಂದು ನಮ್ಮ ಹರವಿ ತುಂಬಿತ್ತೇನ? ನಾ ತುಂಬಿದ್ದು. ಅಕಿಗೆ ದಿನಾ ನನ್ನ ಕೈಯಾರೆ ಕುಡಿಸಿದ್ದು."

"ಕುಡದಿದ್ದಕ್ಕ ಬಂದಿಲ್ಲವ್ವ. ಆ ನೀರಾಗ ಹುಟ್ಟಿದ ಸೊಳ್ಳಿ ಕಡದು..."

ಅಲ್ಲಿಗೇ ನಿಲ್ಲಿಸಿದೆ. ಅಷ್ಟು ಸರಿಯಾಗಿ ತಿಳಿಸಿ ಹೇಳುವ ಅಗತ್ಯವಿರಲಿಲ್ಲ. ಅವ್ವ ತಲೆಯಾಡಿಸಿದಳು. "ಹೂಂ. ಅಕಿ ಮಂಚದ ಬಾಜೂಕ ನಾನ ಇಟ್ಟಿದ್ದು" ಎಂದಳು.

ಆಗ ನನಗೇನಾಯಿತೋ. ಎದ್ದು ಕಟ್ಟೆಗೆ ಬಂದು ಓಣಿಗೆಲ್ಲ ಕೇಳುವಂತೆ ಬೈಯತೊಡಗಿದೆ. ನೀರು ಬಿಡದವರನ್ನು, ವರದಿ ಕಳಿಸದವರನ್ನು, ಗಟಾರಕ್ಕೆ ಹೊಗೆ ಹಾಕಿದವರನ್ನು, ಆಟೊದಲ್ಲಿ ಕೂಗಿಕೊಂಡು ಹೋದವನನ್ನೂ ಬಿಡಲಿಲ್ಲ. ಯಾರು ಯಾವ ಇಲಾಖೆಯವರೆಂದು ನೋಡಲಿಲ್ಲ. ತರಗತಿಯಲ್ಲಿ ಮಕ್ಕಳು ಆಡಿದರೆ ನಾನು ತಿದ್ದುವ ಮಾತುಗಳೆಲ್ಲ ನನ್ನ ಬಾಯಿಂದಲೇ ಬಂದವು. ಅವುಗಳಲ್ಲಿ ಒಂದಾದರೂ ಅವ್ವನಿಗೆ ತಾಗಲಿ, ಒಮ್ಮೆಯಾದರೂ ಅವಳು ಹೌದೆನ್ನಲಿ ಎಂದು ಬೈದೆ. ಎದುರು ಮನೆಯವರು ಹೊರಗೆ ಬಂದು ನಿಂತರು. ಕಾಕಾ ಟೆಂಪೊ ಒರೆಸುತ್ತಿದ್ದವರು ಅರಿವೆ ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತ ಉಳಿದರು.

ಅವ್ವ ಬಾಗಿಲಿಗೆ ಬಂದಳು.

"ಮೆಲ್ಲಕ. ಅಕಿಗೆ ಈಗರ ನಿದ್ದಿ ಹತ್ತೈತಿ."

ನಾನು ದನಿ ತಗ್ಗಿಸಿದೆ. ಬೈಯುವುದನ್ನು ನಿಲ್ಲಿಸಲಿಲ್ಲ.