ಕೆಂಪು ಗಾಡಿ, ಬಿಳಿ ಗಾಡಿ ಮತ್ತು ನನ್ನ ಎಡಮಂಡಿ

2017ರ ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ಏಳೂಕಾಲಿಗೆ ನಾನೂ ನಮ್ಮ ಯಜಮಾನರೂ ಟೊರೊಂಟೊ ಪಕ್ಕದ ವಿಟ್ಬಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆವು. ಆರು ಡಿಗ್ರಿ ಚಳಿ, ಜಿನುಗು ಮಳೆ. ಅವರ ಕಂಕುಳಲ್ಲಿ ನೀಲಿ ಫೈಲು, ಕೋಟಿನ ಜೇಬಿನಲ್ಲಿ ಅಳತೆ ಟೇಪು. ನನ್ನ ಚೀಲದಲ್ಲಿ ಹತ್ತು ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಫ್ಲಾಸ್ಕಿನಲ್ಲಿ ಕಾಫಿ. ಪಿಕಪ್ ಟ್ರಕ್ ಕೊಳ್ಳುವವರು ರೈಲಿನಲ್ಲಿ ಹೊರಟಿದ್ದು ಏಕೆಂದರೆ, ಇಷ್ಟವಾದರೆ ಗಾಡಿಯನ್ನು ಅವತ್ತೇ ಓಡಿಸಿಕೊಂಡು ಬಂದುಬಿಡಬಹುದು ಎಂದು ಅವರ ನಂಬಿಕೆ. ಅಂಗಡಿಗೆ ಹೋಗಿ ಅಕ್ಕಿ ತಂದಂತೆ ಟ್ರಕ್ ತರಲಾಗುವುದಿಲ್ಲ ಎಂದು ನಾನು ಹೇಳಿದ್ದೆ. ನನ್ನ ಮಾತು ಯಾರು ಕೇಳಬೇಕು?

ಬಸವರಾಜ ನಮ್ಮವರ ಹೆಸರು. ಹುಬ್ಬಳ್ಳಿಯವರು, ನಿವೃತ್ತ ಸಿವಿಲ್ ಇಂಜಿನಿಯರ್, ಈ ಸೀಮೆಯಲ್ಲಿ ಹತ್ತಾರು ಸೇತುವೆ ಕಟ್ಟಿಸಿದವರು. ಅಂಥ ಮನುಷ್ಯ ಮಾರ್ಚಿನಲ್ಲಿ ನನಗೆ ಒಂದು ಮಾತೂ ಹೇಳದೆ ಇಪ್ಪತ್ತನಾಲ್ಕು ಅಡಿಯ ಕ್ಯಾಂಪಿಂಗ್ ಟ್ರೇಲರ್, ಗಾಲಿಯ ಮೇಲಿನ ಮನೆ, ಕೊಂಡುಬಿಟ್ಟರು. ಅದನ್ನು ಎಳೆಯಲು ನಮ್ಮಲ್ಲಿ ಇದ್ದದ್ದು ಒಂದು ಪುಟ್ಟ ಕಾರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಹಾಗೆ. ಟ್ರೇಲರು ಎರಡು ತಿಂಗಳಿಂದ ಬೋಲ್ಟನ್ನಿನ ಒಂದು ಯಾರ್ಡಿನಲ್ಲಿ ಬಾಡಿಗೆ ತಿನ್ನುತ್ತಾ ನಿಂತಿತ್ತು.

ಇನ್ನು ನನ್ನ ವಿಷಯ. ಕನ್ನಡದ ಐದು ಕುಟುಂಬಗಳು ಸೇರಿ ಮೂವತ್ತು ವರ್ಷದಿಂದ ಪ್ರತಿ ಜುಲೈ ಹ್ಯೂರನ್ ಸರೋವರದ ದಡದಲ್ಲಿ ಡೇರೆ ಹಾಕುತ್ತೇವೆ. ಐದು ಮನೆಗೂ ಒಂದೇ ಅಡುಗೆ, ಅದರ ಯಜಮಾನಿಕೆ ನನ್ನದು. ಎರಡು ಬೇಸಿಗೆ ಹಿಂದೆ ನನ್ನ ಎಡಮಂಡಿ ಮುಷ್ಕರ ಹೂಡಿತ್ತು. ವಾಪಸು ಬರುವಾಗ ಗೆಳೆಯರೊಬ್ಬರ ಟ್ರಕ್ ಹತ್ತಲು ಹೋದೆ, ಆಗಲಿಲ್ಲ. ಇಬ್ಬರು ಗಂಡಸರು ಕಂಕುಳಿಗೆ ಕೈ ಕೊಟ್ಟು ಅಕ್ಕಿ ಮೂಟೆ ಎತ್ತಿದ ಹಾಗೆ ಎತ್ತಿ ಒಳಗೆ ಕೂರಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ದಿನದ ಅವಮಾನ ಇವತ್ತಿಗೂ ಇಳಿದಿಲ್ಲ. ಮರುವರ್ಷ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ಇವರು ಒಬ್ಬರೇ ಹೋಗಿ ಎರಡೇ ದಿನಕ್ಕೆ ತಿರುಗಿ ಬಂದರು.

ಆದ್ದರಿಂದ ಈ ಪ್ರಯಾಣಕ್ಕೆ ಹೊರಡುವಾಗ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಯಾರ ಕೈಯೂ ಹಿಡಿಯದೆ ನಾನೇ ಹತ್ತಬಹುದಾದ ಗಾಡಿ ಸಿಕ್ಕಿದರೆ ಜುಲೈನಲ್ಲಿ ಸರೋವರಕ್ಕೆ ಹೋಗುವುದು. ಸಿಗದಿದ್ದರೆ ಟ್ರೇಲರ್ ಮಾರಿಬಿಡಿ, ನಾನು ಇನ್ನು ಯಾವತ್ತೂ ಬರಲಾರೆ ಎಂದು ಅವತ್ತು ಸಂಜೆಯೇ ಹೇಳಿಬಿಡುವುದು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆ.

ರೈಲಿನ ಟಿಕೆಟ್ಟು ಹಿರಿಯರ ರಿಯಾಯಿತಿಯಲ್ಲಿ ತಲೆಗೆ ಏಳು ಡಾಲರಿನೊಳಗೆ ಮುಗಿಯಿತು. ರೌಜ್ ಹಿಲ್ ದಾಟುವಾಗ ಸರೋವರ ಕಿಟಕಿಯ ಪಕ್ಕಕ್ಕೇ ಬಂತು, ಮೋಡದ ಬಣ್ಣವೇ ನೀರಿಗೂ. ಇವರು ಹೊರಗೆ ನೋಡಲಿಲ್ಲ. ಫೈಲು ತೆಗೆದು ಎಂಜಿನ್ನು, ಟಾರ್ಕು, ಗೇರು ಎಂದು ಗೆರೆ ಎಳೆದ ಹಾಳೆಗಳನ್ನು ತಿರುವಿ ಹಾಕುತ್ತಿದ್ದರು. ನಾನು ಇಣುಕಿದರೆ ಕೈ ಅಡ್ಡ ಇಟ್ಟರು. ಟೊರೊಂಟೊ ದಾಟಿ, ಒಂದೂವರೆ ಗಂಟೆ ಪ್ರಯಾಣ ಮಾಡಿ ಪೋರ್ಟ್ ಕ್ರೆಡಿಟ್‌ನಲ್ಲಿ ಇಳಿದಾಗ ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ.

ಡಾಕ್ಟರ್ ಶೆಟ್ಟರು ಕಾರು ತಂದು ಕಾಯುತ್ತಿದ್ದರು. ನಮ್ಮ ಐದು ಕುಟುಂಬಗಳಲ್ಲಿ ಅವರದೂ ಒಂದು. ಕುಂದಾಪುರದ ಕಡೆಯವರು, ಅರಿವಳಿಕೆ ತಜ್ಞರಾಗಿದ್ದವರು, ಈಗ ನಿವೃತ್ತರಾಗಿ ದೋಣಿಕಟ್ಟೆಯ ಹತ್ತಿರ ಇದ್ದಾರೆ. ಅವತ್ತು ಸಾರಥ್ಯ ಅವರದು.

“ಎಂತ ಮಾರಾಯ್ರೆ, ಮಳೆಯನ್ನು ವಿಟ್ಬಿಯಿಂದಲೇ ತಂದ್ರಾ?” ಎಂದರು. ಆಮೇಲೆ ನನ್ನ ಚೀಲ ನೋಡಿ, “ಊಟ ಉಂಟಲ್ಲ? ಹಾಗಾದ್ರೆ ಎಷ್ಟು ದೂರ ಬೇಕಾದ್ರೂ ಹೋಗುವ” ಎಂದರು.

ಮೊದಲ ಮಳಿಗೆ ಮಿಸ್ಸಿಸಾಗಾದಲ್ಲೇ, ಹದಿನೈದು ನಿಮಿಷದ ದಾರಿ. ಕಂಪನಿಗಳ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಜನ ಎರಡು ಪಂಗಡವಾಗಿ ಜಗಳಕ್ಕೆ ನಿಲ್ಲುತ್ತಾರೆ. ಅಲ್ಲಿದ್ದದ್ದು ಹೊಚ್ಚಹೊಸ ಕಪ್ಪು ಗಾಡಿ. ಬಾಗಿಲು ತೆಗೆದರೆ ಕೆಳಗಿನಿಂದ ಮೆಟ್ಟಿಲು ತಾನಾಗಿ ಹೊರಗೆ ಬರುತ್ತದೆ. ಸೇಲ್ಸಿನವನು ಅದನ್ನು ಮೂರು ಸಲ ತೆಗೆದು ಮುಚ್ಚಿ ತೋರಿಸಿದ. ನಮ್ಮವರು ಟಾರ್ಕಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ, ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂತು ಟೇಪು ಹಿಡಿದು ಏನೋ ಅಳೆದು ಫೈಲಿನಲ್ಲಿ ಬರೆದುಕೊಂಡರು. ಕಾಡಿನ ರಸ್ತೆಯ ಉಬ್ಬಿಗೆ ಗಾಡಿ ತಾಗೀತೆಂಬ ಚಿಂತೆ ಇರಬೇಕು ಎಂದುಕೊಂಡೆ.

ನಾನು ಮೆಲ್ಲಗೆ ಇನ್ನೊಂದು ಬದಿಗೆ ಹೋದೆ. ಒಳ್ಳೆ ಕಾಲು ಮೊದಲು ಮೇಲೆ, ಕೆಟ್ಟ ಕಾಲು ಮೊದಲು ಕೆಳಗೆ: ನನಗೆ ವ್ಯಾಯಾಮ ಕಲಿಸಿದಾಕೆ ಹೇಳಿಕೊಟ್ಟ ಮಂತ್ರ. ಬಲಗಾಲೇನೋ ಮೆಟ್ಟಿಲ ಮೇಲೆ ಹೋಯಿತು. ನೆಲದ ಮೇಲಿದ್ದ ಎಡಗಾಲು ತಳ್ಳಲು ಒಪ್ಪಲಿಲ್ಲ. ಅಷ್ಟರಲ್ಲಿ ಸೇಲ್ಸಿನವನ ಕೈ ನನ್ನ ಮೊಣಕೈಗೆ ಬಂತು.

“ಥ್ಯಾಂಕ್ಸ್, ನಾನು ಇಲ್ಲಿಂದಲೇ ನೋಡ್ತೀನಿ” ಎಂದು ಇಂಗ್ಲಿಷಿನಲ್ಲಿ ಹೇಳಿ ಕಾಲು ಕೆಳಗಿಟ್ಟೆ. ಮುಖ ಬಿಸಿಯಾಗಿತ್ತು.

ಅಲ್ಲಿಂದ ಬ್ರಾಂಪ್ಟನ್. ಶನಿವಾರದ ಟ್ರಾಫಿಕ್ಕಿನಲ್ಲಿ ನಲವತ್ತು ನಿಮಿಷ. ಎರಡು ವರ್ಷ ಹಳೆಯ ಕೆಂಪು ಗಾಡಿ. ಲೆದರ್ ಸೀಟು, ಮೇಲೆ ಗಾಜಿನ ಚಾವಣಿ, ಮೂತಿ ತುಂಬ ಕ್ರೋಮು. ಇವರ ಕಣ್ಣು ನೋಡಿಯೇ ಗೊತ್ತಾಯಿತು, ಬಿದ್ದರು ಎಂದು. ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗಲೂ ಇಷ್ಟು ಆಸೆಯಿಂದ ನೋಡಿರಲಿಲ್ಲ.

“ಅಂಕಲ್‌ಜೀ, ಟೆನ್ ಥೌಸಂಡ್ ಪೌಂಡ್ಸ್! ಸಬ್ ಕುಛ್ ಖೀಂಚ್ ಲೇಗಾ” ಎಂದ ಪಗಡಿಯ ಸೇಲ್ಸ್‌ಮನ್. ನಾಲ್ಕೂವರೆ ಸಾವಿರ ಕಿಲೋ, ಏನು ಕಟ್ಟಿದರೂ ಎಳೆಯುತ್ತದೆ ಎಂದು ಅರ್ಥ.

“ನೋಡ ಸುಧಾ, ಏನ ತಾಕತ್ ಐತಿ ಇದಕ! ನಮ್ಮ ಟ್ರೇಲರ್ ಇದಕ್ಕ ಲೆಕ್ಕಕ್ಕಿಲ್ಲ” ಎಂದರು ಇವರು. ಮತ್ತೆ ಕೂತು ಟೇಪು ಹಿಡಿದರು.

ಈ ಗಾಡಿ ಇನ್ನೂ ಎತ್ತರ. ಕಾಲು ಎತ್ತುವ ಗೋಜಿಗೂ ಹೋಗಲಿಲ್ಲ. ತೆರೆದ ಬಾಗಿಲ ಪಕ್ಕ ಸುಮ್ಮನೆ ನಿಂತಿದ್ದೆ. ಅಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಒಂದು ಹಳದಿ ಚೀಟಿ ಅಂಟಿಸಿದ್ದರು. ನಾನು ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದವಳು. ಅಕ್ಷರ ಎಷ್ಟೇ ಸಣ್ಣದಿರಲಿ, ಅಂಟಿಸಿದ ಚೀಟಿಯನ್ನು ಓದದೆ ಬಿಟ್ಟವಳಲ್ಲ. ಕನ್ನಡಕ ಹಾಕಿಕೊಂಡು ಓದಿದೆ. ಜನ, ಸಾಮಾನು ಎಲ್ಲ ಸೇರಿ ಈ ಗಾಡಿಯ ಮೇಲೆ 560 ಕಿಲೋ ಮೀರಬಾರದು ಎಂದಿತ್ತು.

“ರೀ, ಟ್ರೇಲರಿನ ಮೂತಿ ಗಾಡಿ ಬೆನ್ನ ಮೇಲೆ ಎಷ್ಟು ಭಾರ ಕೂರತ್ತೆ?” ಎಂದು ಕೇಳಿದೆ.

“ತುಂಬಿದ ಮ್ಯಾಲೆ ಒಂದ ಮುನ್ನೂರೈವತ್ತು ಕಿಲೋ. ಯಾಕ?”

“ಅಲ್ಲಿಗೆ ಉಳೀತು ಇನ್ನೂರ ಹತ್ತು. ನಾವಿಬ್ಬರು ಸೇರಿ ನೂರೈವತ್ತು. ಉಳಿದದ್ದು ಅರವತ್ತು. ಡಾಕ್ಟ್ರೇ, ನಿಮ್ಮ ತೂಕ?”

“ಎಂಬತ್ತು” ಎಂದರು ಶೆಟ್ಟರು. ಒಂದು ಗಳಿಗೆ ಲೆಕ್ಕ ಹಾಕಿ, “ಅಡ್ಡಿಲ್ಲ ಮಾರಾಯ್ರೆ, ನಾನು ಸರೋವರದವರೆಗೆ ನಡ್ಕೊಂಡೇ ಬರ್ತೇನೆ” ಎಂದರು.

“ಇನ್ನೂ ಐದು ಮನೆ ಅಕ್ಕಿ, ಬೇಳೆ, ನೀರಿನ ಕ್ಯಾನು, ನನ್ನ ಗ್ರೈಂಡರು ಹಿಂದುಗಡೆ ಬರಬೇಕು. ಎಳೆಯೋದು ಬೇರೆ, ಹೊರೋದು ಬೇರೆ ಕಣ್ರೀ. ಸೇತುವೆ ಕಟ್ಟಿದೋರಿಗೆ ನಾನು ಹೇಳಿಕೊಡಬೇಕಾ?”

ಇವರು ಚೀಟಿಯ ಹತ್ತಿರ ಬಗ್ಗಿ ಎರಡು ಸಲ ಓದಿದರು. ಗಾಜಿನ ಚಾವಣಿ, ಮೋಟಾರು ಸೀಟು ಎಂದು ವೈಭವ ಹೆಚ್ಚಿದಷ್ಟೂ ಗಾಡಿಯ ಸ್ವಂತ ತೂಕ ಹೆಚ್ಚಿ ಹೊರುವ ಶಕ್ತಿ ಕಡಿಮೆಯಾಗುತ್ತದಂತೆ. ಅದನ್ನು ಸೇಲ್ಸ್‌ಮನ್ನೇ ಆಮೇಲೆ ಒಪ್ಪಿಕೊಂಡ. ಕೆಂಪು ಗಾಡಿಯನ್ನು ಬಿಟ್ಟು ಬರುವಾಗ ಇವರು ಎರಡು ಸಲ ತಿರುಗಿ ನೋಡಿದರು. ಪಾಪ ಅನ್ನಿಸಿತು.

ಹನ್ನೆರಡೂವರೆಗೆ ಬೋಲ್ಟನ್ ತಲುಪಿದೆವು. ದಾರಿಯ ಎರಡೂ ಕಡೆ ಗೋದಾಮುಗಳು, ಲಾರಿಗಳ ಸಾಲು. ಊಟಕ್ಕೆ ನಮ್ಮ ಟ್ರೇಲರಿಗೇ ಹೋದೆವು. ನಾನು ಅದನ್ನು ಕಂಡದ್ದು ಅದೇ ಮೊದಲು; ಇವರ ಮೇಲಿನ ಸಿಟ್ಟಿಗೆ ಅಲ್ಲಿಯತನಕ ನೋಡಲೂ ಹೋಗಿರಲಿಲ್ಲ. ಅದರ ಮೆಟ್ಟಿಲು ತಗ್ಗು, ಕಂಬಿ ಹಿಡಿದು ಸಲೀಸಾಗಿ ಹತ್ತಿದೆ. ಒಳಗೆ ಒಲೆ ನನ್ನ ಸೊಂಟದ ಎತ್ತರಕ್ಕಿತ್ತು. ಮೂವತ್ತು ವರ್ಷ ನೆಲದ ಮೇಲೆ ಕೂತು, ಕಣ್ಣಿಗೆ ಹೊಗೆ ಕುಡಿಸಿ ಐದು ಮನೆಗೆ ದೋಸೆ ಹುಯ್ದವಳು ನಾನು. ಆ ಒಲೆಯ ಮುಂದೆ ನಿಂತು, ಕಿಟಕಿಯಲ್ಲಿ ಸರೋವರ ಕಾಣುವುದನ್ನು ನೆನೆಸಿಕೊಂಡೆ. ಬೇಕು ಅನ್ನಿಸಿಬಿಟ್ಟಿತು. ಬೆಳಗ್ಗೆಯತನಕ ಮಾರಿಬಿಡಿ ಎನ್ನುವುದು ಸುಲಭದ ಮಾತಾಗಿತ್ತು, ಈಗ ಹಾಗಿರಲಿಲ್ಲ.

“ಎಣ್ಣೆಗಾಯಿ ಭಾರೀ ಲಾಯ್ಕ್ ಆಯ್ತು” ಎನ್ನುತ್ತಾ ಶೆಟ್ಟರು ಐದನೆಯ ಚಪಾತಿಗೆ ಕೈ ಹಾಕಿದರು.

ಯಾರ್ಡಿನಿಂದ ಎರಡು ಕಿಲೋಮೀಟರಿನಲ್ಲಿ, ಗೋದಾಮುಗಳ ಹಿಂದೆ, ಹಳೆಯ ಗಾಡಿ ಮಾರುವ ಇಟಾಲಿಯನ್ ಮುದುಕನೊಬ್ಬನ ಅಂಗಳವಿದೆ. ಅಲ್ಲಿ ಬಿಳಿ ಗಾಡಿ ನಿಂತಿತ್ತು. ತೋಟದ ಕೆಲಸದ ಗುತ್ತಿಗೆದಾರನ ಕೈಯಲ್ಲಿ ದುಡಿದದ್ದು. ಐದು ವರ್ಷ, ಒಂದು ಲಕ್ಷದ ಹದಿನೆಂಟು ಸಾವಿರ ಕಿಲೋಮೀಟರ್. ರೆಕ್ಸಿನ್ ಸೀಟು, ರಬ್ಬರಿನ ನೆಲ, ಕ್ರೋಮಿನ ಹೆಸರಿಲ್ಲ. ಚೀಟಿ ಓದಿದೆ: 840 ಕಿಲೋ. ಹಳೆಯ ಯಜಮಾನನಿಗೂ ಮಂಡಿನೋವಂತೆ. ಎರಡೂ ಬಾಗಿಲ ಕೆಳಗೆ ಕಬ್ಬಿಣದ ತಗ್ಗು ಮೆಟ್ಟಿಲು ಹಾಕಿಸಿಕೊಂಡಿದ್ದ.

ಗಂಡಸರು ಮೂವರೂ ಬಾನೆಟ್ಟು ಎತ್ತಿ ತಲೆ ಒಳಗೆ ಹಾಕಿದರು. ಈ ಕಡೆ ಯಾರೂ ಇಲ್ಲ. ಬಾಗಿಲು ತೆಗೆದು ಒಳಗಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದೆ. ಬಲಗಾಲು ಮೆಟ್ಟಿಲ ಮೇಲೆ. ಎಡಗಾಲು ತಳ್ಳಿತು. ನೋಯಿತು, ಆದರೆ ತಳ್ಳಿತು. ಮತ್ತೊಂದು ಹೆಜ್ಜೆ, ಅಷ್ಟೇ, ಸೀಟಿನ ಮೇಲಿದ್ದೆ. ಎತ್ತಿದ ಬಾನೆಟ್ಟು ನನ್ನನ್ನು ಮರೆ ಮಾಡಿತ್ತು. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ? ಸೆರಗಿಲ್ಲದ ಜಾಕೆಟ್ಟಿನ ತೋಳಿನಲ್ಲೇ ಒರೆಸಿಕೊಂಡು, ಕೆಟ್ಟ ಕಾಲು ಮೊದಲು ಇಟ್ಟು ಕೆಳಗಿಳಿದು, ಏನೂ ಆಗದವಳ ಹಾಗೆ ನಿಂತೆ.

ಬಾನೆಟ್ಟು ಮುಚ್ಚಿದರು. ಕೆಂಪು ಗಾಡಿಯ ಮೋಹ ಬಿಡಿಸಲು ಇವರೊಡನೆ ಎಷ್ಟು ವಾದ ಮಾಡಬೇಕೋ ಎಂದು ಗಂಟಲು ಸರಿಮಾಡಿಕೊಂಡೆ. “ಎಂಟುನೂರ ನಲವತ್ತು ಕಿಲೋ ಹೊರತ್ತಂತೆ” ಎಂದು ಶುರುಮಾಡಿದೆ.

“ಹೂಂ, ಇದನ್ನs ತಗೊಳ್ಳೂಣ” ಎಂದರು.

“ಲೆದರ್ ಇಲ್ಲ.”

“ಬ್ಯಾಡ.”

“ಬಣ್ಣ ಬಿಳಿ. ನಿಮಗೆ ಬಿಳಿ ಸೇರಲ್ಲ.”

“ಸುಧಾ, ತಗೊಳ್ಳೂಣ ಅಂದ್ನಲ್ಲ, ಮತ್ತೇನು?”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಇಷ್ಟು ಬೇಗ ಒಪ್ಪಿದ್ದು ಕಂಡಿರಲಿಲ್ಲ. ಜ್ವರ ಬಂದಿದೆಯೇ ಎಂದು ಅನುಮಾನವಾಯಿತು. ಬೆಲೆ ಇಪ್ಪತ್ತೊಂದು ಸಾವಿರ ಡಾಲರಿಗೆ ಕುದುರಿತು. ತಪಾಸಣೆ, ನಂಬರ್ ಪ್ಲೇಟು ಎಲ್ಲ ಮುಗಿದು ಗಾಡಿ ಕೈಗೆ ಬರುವುದು ಗುರುವಾರ. ನಾನು ಮೊದಲೇ ಹೇಳಿರಲಿಲ್ಲವೇ? ಹೊರಡುವಾಗ ಇವರು ಮತ್ತೆ ಟೇಪು ತೆಗೆದು ಕೂತು ಅಳೆದರು. “ಸಾಕು ಬನ್ನಿ, ಕೊಂಡಾಯ್ತಲ್ಲ” ಎಂದು ರೇಗಿದೆ.

ಶೆಟ್ಟರು ಐದು ಗಂಟೆಗೆ ನಮ್ಮನ್ನು ಪೋರ್ಟ್ ಕ್ರೆಡಿಟ್‌ನಲ್ಲಿ ಬಿಟ್ಟರು. ಬಿಸಿಲು ಬಂದಿತ್ತು, ದೋಣಿಕಟ್ಟೆಯ ಕಡೆ ಜನ ಐಸ್‌ಕ್ರೀಮು ಹಿಡಿದು ಓಡಾಡುತ್ತಿದ್ದರು. “ಜುಲೈಗೆ ನೀವು ಬರ್ತೀರಲ್ಲ, ಸುಧಕ್ಕ? ಕಳೆದ ಸಲ ಬ್ರೆಡ್ಡು ತಿಂದು ತಿಂದು ನಾಲಿಗೆ ಸತ್ತುಹೋಯ್ತು” ಎಂದು ಕೇಳಿದರು. ಬರುತ್ತೇನೆ ಎಂದೆ. ಇವರು ಟಿಕೆಟ್ ಕಾರ್ಡು ಹುಡುಕುತ್ತಿದ್ದವರು ತಲೆ ಎತ್ತಲಿಲ್ಲ.

ರೈಲು ಹೊರಟ ಹತ್ತು ನಿಮಿಷಕ್ಕೆ ಇವರಿಗೆ ನಿದ್ದೆ ಹತ್ತಿತು. ಫೈಲು ತೊಡೆಯಿಂದ ಜಾರಿತು. ಹಿಡಿದುಕೊಂಡೆ. ತೆರೆದುಕೊಂಡಿದ್ದ ಹಾಳೆಯಲ್ಲಿ ಎಂಜಿನ್ನೂ ಇರಲಿಲ್ಲ, ಟಾರ್ಕೂ ಇರಲಿಲ್ಲ. ಮೇಲುಗಡೆ ಅವರ ದುಂಡು ಕನ್ನಡ ಅಕ್ಷರದಲ್ಲಿ “ಸುಧಾ ಹತ್ತೂ ಎತ್ತರ” ಎಂದು ಬರೆದಿತ್ತು. ಮೊದಲನೆಯ ಸಾಲು ನಮ್ಮ ಮನೆಯ ಮೆಟ್ಟಿಲಿನದು: ಏಳೂವರೆ ಇಂಚು, ಹತ್ತತಾಳ. ಎರಡನೆಯದು ಎರಡು ವರ್ಷದ ಹಿಂದಿನ ಆ ಗೆಳೆಯರ ಟ್ರಕ್ಕಿನದು: ಇಪ್ಪತ್ತೆರಡು ಇಂಚು, ಮುಂದೆ, “ಇಬ್ಬರು ಎತ್ತಿದರು. ಮತ್ತ ಹಂಗ ಆಗಬಾರದು.” ಅದರ ಕೆಳಗೆ ಅವತ್ತಿನ ಲೆಕ್ಕ. ಕಪ್ಪು ಗಾಡಿ, ಹದಿನೇಳು: ಆಗಲಿಲ್ಲ. ಕೆಂಪು ಗಾಡಿ, ಹತ್ತೊಂಬತ್ತು: ಕಾಲೇ ಎತ್ತಲಿಲ್ಲ.

ಕೊನೆಯ ಸಾಲು ಬಿಳಿ ಗಾಡಿಯದು. ಹನ್ನೆರಡೂವರೆ ಇಂಚು. ಅದರ ಮುಂದೆ ಹೀಗಿತ್ತು: “ತಾನs ಹತ್ತಿದಳು. ನಾ ನೋಡಿಲ್ಲ ಅಂತ ತಿಳಕೊಂಡಾಳ.”

ರೈಲು ಸರೋವರದ ಪಕ್ಕಕ್ಕೆ ಬಂತು. ಇವರು ಕಣ್ಣು ಬಿಟ್ಟು, ನನ್ನ ಕೈಯಲ್ಲಿದ್ದ ಫೈಲು ನೋಡಿ ನೆಟ್ಟಗೆ ಕೂತರು.

“ಏನ್ ಓದಾಕತ್ತಿ?”

“ಚೀಟಿ” ಎಂದೆ. ಫೈಲು ಮುಚ್ಚಿ ಅವರ ತೊಡೆಯ ಮೇಲಿಟ್ಟು, ಕೈಯನ್ನು ಅಲ್ಲೇ ಬಿಟ್ಟೆ. ವಿಟ್ಬಿ ಬರುವತನಕ ತೆಗೆಯಲಿಲ್ಲ.