ಕೈ ಎತ್ತದ ಕೆಂಡಕ್ಕ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದ ಹೆಂಗಸಿಗೆ ಕೆಂಡಕ್ಕ ಎಂಬ ಹೆಸರು ಬಿದ್ದದ್ದು ಇಸ್ತ್ರಿಪೆಟ್ಟಿಗೆಯಿಂದಲ್ಲ. ಅಲ್ಲಿದ್ದದ್ದು ಹಬೆಯ ಯಂತ್ರ. ಕೆಂಡವೆಲ್ಲ ಆಕೆಯ ಮೂಗಿನ ತುದಿಯಲ್ಲೇ. ಯಂತ್ರ ಕೆಟ್ಟರೆ ಯಂತ್ರಕ್ಕೊಂದು ಗುದ್ದು, ಮೆಕ್ಯಾನಿಕ್ ತಡವಾಗಿ ಬಂದರೆ ಅವನಿಗೂ ಒಂದು. ಗಂಡ ಅದೇ ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಜ್ವರ ಎಂದು ಮಲಗಿದವನನ್ನು ಒಂದು ಬೆಳಿಗ್ಗೆ ಇವಳೇ ಗದರಿಸಿ ಕೆಲಸಕ್ಕೆ ಎಬ್ಬಿಸಿದ್ದಳು. ನಾಲ್ಕನೇ ದಿನಕ್ಕೆ ಅವನು ಹೋಗಿಬಿಟ್ಟ. ಆ ಗದರಿಕೆಯ ವಿಷಯ ಗೊತ್ತಿದ್ದದ್ದು ಗಂಡನ ತಂಗಿಗೆ ಮಾತ್ರ. ನಾದಿನಿಗೂ ಅಲ್ಲೇ ಬಟ್ಟೆ ಮಡಚುವ ಕೆಲಸ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಲಾಂಡ್ರಿಯವರು ಕೂರುವಂತಿರಲಿಲ್ಲ. ರೋಗಿಗಳ ಕೊಳಕು ಮುಟ್ಟುವವರು ಮೇಜಿಗೆ ಬಂದರೆ ಉಳಿದವರಿಗೆ ಊಟ ಸೇರುವುದಿಲ್ಲವಂತೆ. ಅದೇ ರೋಗಿಗಳನ್ನು ಮುಟ್ಟುವ ಡಾಕ್ಟರರು ಮಾತ್ರ ಕಾಲು ಚಾಚಿ ಕೂರಬಹುದಂತೆ! ಲಾಂಡ್ರಿಯ ಹನ್ನೊಂದು ಜನ ತಟ್ಟೆ ಹಿಡಿದು ಹಿಂದಿನ ಓಣಿಯಲ್ಲಿ, ಕೊಳೆಬಟ್ಟೆಯ ಗಾಡಿಗಳ ಪಕ್ಕ ನಿಂತೇ ತಿನ್ನುತ್ತಿದ್ದರು.

ಇದನ್ನು ಮುರಿಯುವ ದಾರಿ ಹೇಳಿಕೊಟ್ಟವರು ಕೆಂಡಕ್ಕನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಅವರ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಸಮುದ್ರದಾಚೆಯ ದೇಶದಲ್ಲಿ, ಕಪ್ಪುಜನರಿಗೂ ಎಲ್ಲರ ಸಮಕ್ಕೆ ಕೂರುವ ಹಕ್ಕು ಬೇಕೆಂದು ನಿಂತು, ಗುಂಡೇಟಿಗೆ ಪ್ರಾಣ ಬಿಟ್ಟ ಪಾದ್ರಿಯ ಚಿತ್ರ. ಕೊರಳಲ್ಲಿ ಟೈ ಇದ್ದದ್ದಕ್ಕೆ ಲಾಂಡ್ರಿಯವರು ಅವನಿಗೆ 'ಟೈ ಅಣ್ಣ' ಎಂದು ಹೆಸರಿಟ್ಟರು. ಅವನ ಕಾಲದ ಹೋರಾಟಗಾರರು ತಮಗೆ ನಿಷೇಧವಿದ್ದ ಹೋಟೆಲಿನಲ್ಲಿ ಹೋಗಿ ಕೂರುವ ಮುಂಚೆ, ಬೈಸಿಕೊಂಡು ಸುಮ್ಮನಿರುವುದನ್ನೇ ಅಭ್ಯಾಸ ಮಾಡುತ್ತಿದ್ದರಂತೆ. ಬೈಯುವವರು ತಮ್ಮವರೇ.

"ನಾವೂ ಹಾಗೇ ಮಾಡೋಣ" ಎಂದರು ಮೇಷ್ಟ್ರು. "ಬೈಯೋರು ಕರುಣೆ ತೋರಿಸ್ಬೇಡಿ. ಎಲ್ಲಿ ನೋಯುತ್ತೋ ಅಲ್ಲೇ ಚುಚ್ಚಿ."

ಭಾನುವಾರ ಅವರ ಮನೆಯಲ್ಲಿ ಕುರ್ಚಿ ಸಾಲಾಗಿಟ್ಟು ಶುರುವಾಯಿತು. ನಾದಿನಿಯದು ಕ್ಯಾಂಟೀನ್ ಮ್ಯಾನೇಜರನ ವೇಷ. ಪಾಪ, ಹೇಳಿದ ಕೆಲಸ ಅಚ್ಚುಕಟ್ಟಾಗಿ ಮಾಡುವ ಹೆಣ್ಣು ಅದು. ಕೆಂಡಕ್ಕನ ಎದುರು ನಿಂತು, "ಜ್ವರದಲ್ಲಿದ್ದ ಗಂಡನ್ನ ಕೆಲಸಕ್ಕೆ ಓಡಿಸಿ ಸಾಯಿಸಿದೋಳು, ನಿನಗ್ಯಾಕೆ ಕುರ್ಚಿ?" ಎಂದುಬಿಟ್ಟಳು.

ಕಪಾಳಕ್ಕೆ ಬಿದ್ದ ಏಟು ಬೀದಿಗೂ ಕೇಳಿಸಿತು.

ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. "ಅಲ್ಲಿ ಹೀಗಾದ್ರೆ ಮುಗೀತಮ್ಮಾ. ಹೊಡೆದಾಟ ಅಂತ ಹನ್ನೊಂದು ಜನರನ್ನೂ ಕೆಲಸದಿಂದ ತೆಗೀತಾರೆ. ನೀನು ಬರ್ಬೇಡ."

"ಬರ್ತೀನಿ" ಎಂದಳು ಕೆಂಡಕ್ಕ. ಅತ್ತಿಗೆ ನಾದಿನಿಯರು ಮೂರು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಗುರುವಾರ ಮಧ್ಯಾಹ್ನ ಹನ್ನೊಂದು ಜನ ಯೂನಿಫಾರಂನಲ್ಲೇ ತಟ್ಟೆ ಹಿಡಿದು ಹೋಗಿ ಕ್ಯಾಂಟೀನಿನ ನಡುಮೇಜಿಗೆ ಕೂತರು. ಚಮಚಗಳ ಸದ್ದು ನಿಂತಿತು. ಮ್ಯಾನೇಜರನಿಗೆ ಸುಳಿವು ಸಿಕ್ಕಿತ್ತು. ಬಾಗಿಲಲ್ಲಿ ಆಗಲೇ ಪೊಲೀಸನೊಬ್ಬ ನಿಂತಿದ್ದ. ಒಂದು ಕೈ ಎದ್ದರೆ ಸಾಕಿತ್ತು. ಯಾರದು ಏಳುತ್ತದೆ ಎಂದು ಮ್ಯಾನೇಜರನಿಗೂ ಗೊತ್ತಿತ್ತು, ನೆಟ್ಟಗೆ ಕೆಂಡಕ್ಕನ ಹತ್ತಿರವೇ ಬಂದ.

"ಏಳು."

ಕೆಂಡಕ್ಕ ತುತ್ತು ಬಾಯಿಗಿಟ್ಟಳು. ಅಗಿದಳು.

ಅವನು ಪಕ್ಕದ ಲೋಟದ ಚಹಾ ಎತ್ತಿ ಅವಳ ತಟ್ಟೆಗೆ ಸುರಿದ. ಬಿಸಿ ಚಹಾ ಮೇಜಿನಿಂದ ತೊಡೆಗೆ ಇಳಿಯಿತು. ಕೆಂಡಕ್ಕನ ಎರಡೂ ಕೈ ಮೇಜಿನ ಅಂಚು ಕಚ್ಚಿ ಹಿಡಿದವು. ಸಿಟ್ಟು ನೆತ್ತಿಗೇರಿತ್ತು.

"ಗಂಡನ್ನ ತಿಂದ್ಕೊಂಡೋಳಿಗೆ ಹೊಟ್ಟೆ ಇನ್ನೂ ತುಂಬಿಲ್ವಾ?" ಎಂದ ಮ್ಯಾನೇಜರ್.

ಧಡ್ ಎಂದು ಕುರ್ಚಿ ಬಿತ್ತು. ಎದ್ದವಳು ನಾದಿನಿ! ಕೈಯಲ್ಲಿ ಸ್ಟೀಲ್ ಜಗ್ಗು, ಮುಖ ರಣರಂಗ. ಬಾಗಿಲ ಪೊಲೀಸ ಒಂದು ಹೆಜ್ಜೆ ಒಳಗಿಟ್ಟ. ಮ್ಯಾನೇಜರ್ ಹಿಂದೆ ಸರಿಯಲಿಲ್ಲ, ಬೀಳಲಿ ಎಂದೇ ಮುಖ ಮುಂದೆ ಮಾಡಿದ.

ಕೆಂಡಕ್ಕನ ಕೈ ಮೇಜು ಬಿಟ್ಟಿತು. ಆ ಕೈ ನಾದಿನಿಯ ಮಣಿಕಟ್ಟು ಹಿಡಿದು ಕೆಳಗೆಳೆಯಿತು.

"ಕೂತ್ಕೊಳ್ಳೇ. ಭಾನುವಾರ ನೀನು ಇದಕ್ಕಿಂತ ಚೆನ್ನಾಗಿ ಬೈದಿದ್ದೆ."

ಸಾಲಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ನಾದಿನಿ ಮಾತ್ರ ಕೂತು, ಜಗ್ಗು ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅತ್ತಳು.

"ಇವರೇನು ಮಾಡಿದ್ರು ಸಾರ್?" ಎಂದು ಪೊಲೀಸ ಕೇಳಿದ. ಮ್ಯಾನೇಜರ್ ಹನ್ನೊಂದು ಮುಖಗಳನ್ನೂ ಒಂದೊಂದಾಗಿ ನೋಡಿದ. "ಕೂತಿದ್ದಾರೆ" ಎಂದ ಕೊನೆಗೆ. ಪೊಲೀಸ ಚಹಾದ ತಟ್ಟೆ ನೋಡಿದ, ಕೆಂಡಕ್ಕನ ಒದ್ದೆ ಯೂನಿಫಾರಂ ನೋಡಿದ, ದೂರು ಬರೆಯಲು ತೆಗೆದಿದ್ದ ಪುಸ್ತಕ ಮಡಚಿ ಜೇಬಿಗಿಟ್ಟ. ಮರುದಿನವೂ ಹನ್ನೊಂದು ಜನ ಅಲ್ಲೇ ಕೂತರು. ಆಮೇಲೆ ಅವರನ್ನು ಎಬ್ಬಿಸಲು ಯಾರೂ ಬರಲಿಲ್ಲ.

ಆದರೆ ಆ ಗುರುವಾರ ಊಟದ ಗಂಟೆ ಮುಗಿಯುವ ತನಕ ಕೆಂಡಕ್ಕ ಹಿಡಿದ ಕೈ ಬಿಟ್ಟಿರಲಿಲ್ಲ. ಬಿಟ್ಟಾಗ ನಾದಿನಿಯ ಮಣಿಕಟ್ಟಿನಲ್ಲಿ ಐದು ಬೆರಳೂ ಕೆಂಪಗೆ ಮೂಡಿದ್ದವು.

"ಕಪಾಳಕ್ಕೆ ಹೊಡೆದಾಗ್ಲೂ ಇಷ್ಟು ನೋವಾಗಿರ್ಲಿಲ್ಲ ಅತ್ತಿಗೆ" ಎಂದಳು ನಾದಿನಿ.

"ನಂಗೂ" ಎಂದಳು ಕೆಂಡಕ್ಕ.