ದೇವರ ಹಾಡಿನ ಸಿಡಿ

ಆಯುಧಪೂಜೆ ಹತ್ತಿರ ಬಂದರೆ ನನಗೆ ಈಗಲೂ ಒಂದು ಕೋಪ ಒಳಗಿಂದ ಎದ್ದು ಬರುತ್ತದೆ. ಪೂಜೆಯ ಮೇಲಿನ ಕೋಪವಲ್ಲ ಅದು. ಹೊಲಿಗೆ ಮೆಷಿನ್ನು, ಮಿಕ್ಸಿ, ಈಳಿಗೆಮಣೆ, ನಮ್ಮವರ ಸ್ಕೂಟರು, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಕೈ ಮುಗಿಯುವ ತನಕ ನಾನು ಆ ದಿನ ಒಂದು ಲೋಟ ಕಾಫಿಯನ್ನೂ ಕುಡಿದವಳಲ್ಲ. ನನ್ನ ಕೋಪ ದೇವರನ್ನು ಮುಂದೆ ನಿಲ್ಲಿಸಿ ತಾವು ಹಿಂದೆ ಅಡಗಿಕೊಳ್ಳುವವರ ಮೇಲೆ. ಅಂಥ ಒಬ್ಬ ಮನುಷ್ಯ ನನ್ನ ತಂಗಿಯ ಮೊದಲ ಕೆಲಸಕ್ಕೆ ಕಲ್ಲು ಹಾಕಿದ.

ನಮ್ಮದು ಲಿಂಗರಾಜಪುರ. ನಮ್ಮವರ ತಾತನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ, ನಾನು ಮದುವೆಯಾಗಿ ಬರುವಷ್ಟರಲ್ಲಿ ಮನೆಗಳು ಎದ್ದಿದ್ದವು. ಅಪ್ಪ ತೀರಿಕೊಂಡ ಮೇಲೆ ತಂಗಿ ನಮ್ಮ ಜೊತೆಗೇ ಇದ್ದಳು. ನಮ್ಮವರು ಒಂದು ದಿನವೂ ಅವಳನ್ನು ಬೇರೆಯವಳಂತೆ ನೋಡಲಿಲ್ಲ. ಆ ಪುಣ್ಯವನ್ನು ದೀಪ ಹಚ್ಚುವಾಗಲೆಲ್ಲ ನೆನೆಯುತ್ತೇನೆ. ಆದರೆ ಅವಳಿಗೆ ಭಾವನ ಮನೆಯ ಅನ್ನ ಸಲೀಸಾಗಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎಷ್ಟು ಬಲವಂತ ಮಾಡಿದರೂ ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ಇತ್ತು. ಅಲ್ಲಿ ಕಲಿತಳು. ದಿನಾ ಸಂಜೆ ಮೈಯೆಲ್ಲ ಬನ್ನಿನ ವಾಸನೆ ಹೊತ್ತುಕೊಂಡು ಮನೆಗೆ ಬರುತ್ತಿದ್ದಳು. ಆಮೇಲೆ ಹಲಸೂರಿನಲ್ಲಿ ಸಿದ್ಧ ಉಡುಪು ಹೊಲಿಸಿ ಹೊರದೇಶಕ್ಕೆ ಕಳಿಸುವವರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ನೋಡುತ್ತೇವೆ, ಸರಿಯಾಗಿ ಮಾಡಿದರೆ ಕಾಯಂ ಅಂದಿದ್ದರು. ಕಾಯಂ ಅನ್ನುವ ಆ ಒಂದು ಮಾತಿಗೆ ನಮ್ಮ ಮನೆಯಲ್ಲಿ ಎಷ್ಟು ಹರಕೆ ಕಟ್ಟಿದ್ದೆವೋ ಆ ತಾಯಿಗೇ ಗೊತ್ತು.

ಮೊದಲ ವಾರ ಅವಳಿಗೂ ಅವಳ ಜೊತೆ ಸೇರಿದವರಿಗೂ ಮ್ಯಾನೇಜರೇ ಪಾಠ ಹೇಳಿದರು. ಅವಳು ಊಟಕ್ಕೆ ಕೂತು ಮಗ್ಗಿ ಒಪ್ಪಿಸುವ ಹಾಗೆ ನನಗೆ ಒಪ್ಪಿಸುತ್ತಿದ್ದಳು. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು, ಅಕ್ಕನಿಗೂ. ಕುರ್ಚಿಯಿಂದ ಎದ್ದರೆ ಪರದೆಗೆ ಲಾಕ್ ಹಾಕಿಯೇ ಏಳಬೇಕು. ನಿನ್ನ ಹೆಸರಿನಲ್ಲಿ ತೆರೆದ ಯಂತ್ರದಲ್ಲಿ ಇನ್ನೊಬ್ಬರನ್ನು ಕೂರಿಸಬಾರದು. ಹೊರಗಿನ ಫ್ಲಾಪಿ, ಸಿಡಿ ಯಾವುದನ್ನೂ ಪರೀಕ್ಷೆ ಮಾಡಿಸದೆ ಒಳಗೆ ಹಾಕಬಾರದು. ವಾರಕ್ಕೊಂದು ಸಲ ಎಲ್ಲದರ ಕಾಪಿ ತೆಗೆದು ಬೇರೆ ಕಡೆ ಇಡಬೇಕು. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ನಾವು ಮಡಿ ಅಂತೀವಿ, ಅವರು ಸೆಕ್ಯೂರಿಟಿ ಅಂತಾರೆ ಅಂದೆ. ಹೊರಗಿಂದ ಬಂದದ್ದನ್ನು ತೊಳೆಯದೆ ನಾನು ದೇವರ ಮನೆಗೆ ತರುತ್ತೇನೆಯೇ? ತಂಗಿ ನಕ್ಕು, "ಅಕ್ಕ, ನಿನ್ನನ್ನೇ ನಮ್ಮಾಫೀಸಿಗೆ ಟ್ರೈನಿಂಗ್ ಕೊಡೋಕೆ ಕಳಿಸ್ಬೇಕು" ಅಂದಳು.

ಆ ವರ್ಷ ಆಯುಧಪೂಜೆಗೆ ಮನೆಯವರೂ ಬರಬೇಕೆಂದು ಆಫೀಸಿನಿಂದ ಕರೆದರು. ನಾನು ಬೆಳಿಗ್ಗೆಯೇ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗಿ, ಹೂವಿನಾಕೆಯ ಹತ್ತಿರ ತಮಿಳಿನಲ್ಲೇ ಚೌಕಾಸಿ ಮಾಡಿ, ಬುಟ್ಟಿ ತುಂಬ ಸೇವಂತಿಗೆ ತಂದು ಮಾಲೆ ಕಟ್ಟಿದ್ದೆ. ಆಫೀಸಿನ ಬಾಗಿಲಿಗೆ ಬಾಳೆಕಂದು, ಪ್ರತಿಯೊಂದು ಕಂಪ್ಯೂಟರಿಗೂ ಗಂಧ, ಕುಂಕುಮ, ಮಾಲೆ. ಪೂಜೆ ಮಾಡುವಾಗ ಯಂತ್ರ ಸತ್ತ ಹಾಗೆ ಇರಬಾರದು, ಎಲ್ಲರೂ ಅವರವರದನ್ನು ತೆರೆದಿಡಿ ಅಂತ ಮ್ಯಾನೇಜರು ಹೇಳಿದ್ದರು. ರೇಷ್ಮೆ ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಓಡಾಡುತ್ತಿದ್ದ ಅವರನ್ನು ನೋಡಿ, ತಂಗಿಗೆ ಎಂಥ ಒಳ್ಳೆಯ ಮೇಲಧಿಕಾರಿ ಸಿಕ್ಕಿದ್ದಾರೆ ಅಂದುಕೊಂಡೆ.

ಮಂಗಳಾರತಿಗೆ ಮುಂಚೆ ಅವರು ಜೇಬಿನಿಂದ ಒಂದು ಸಿಡಿ ತೆಗೆದರು. ಫುಟ್‌ಪಾತಿನಲ್ಲಿ ಕೊಂಡದ್ದಂತೆ, ಅದರ ತುಂಬ ದೇವರ ಹಾಡು. ಇಡೀ ಆಫೀಸಿನಲ್ಲಿ ಸ್ಪೀಕರು ಇದ್ದದ್ದು ತಂಗಿಯ ಯಂತ್ರಕ್ಕೆ ಮಾತ್ರ. ಅವಳು ಕುರ್ಚಿಯಲ್ಲಿ ಕೂತೇ ಮೆತ್ತಗೆ ಹೇಳಿದಳು: "ಸರ್, ಹೊರಗಿನ ಸಿಡಿ ಹಾಕ್ಬಾರ್ದು ಅಂತ ನೀವೇ ಹೇಳಿದ್ರಲ್ಲ."

"ದೇವರ ಹಾಡಮ್ಮ ಇದು. ದೇವರಿಗೂ ವೈರಸ್ ಬರುತ್ತಾ? ಏಳು, ಹೋಗಿ ಎಲ್ರಿಗೂ ಕಡಲೆಪುರಿ ಹಂಚು."

ಎಲ್ಲರೂ ನಕ್ಕರು. ಅವಳು ಎದ್ದಳು. ಅವರು ಅವಳ ಕುರ್ಚಿಯಲ್ಲಿ ಕೂತು, ತಮ್ಮ ಕೈಯಾರೆ ಸಿಡಿ ಒಳಗೆ ತಳ್ಳಿದರು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಹಾಡು ಚೆನ್ನಾಗಿಯೇ ಇತ್ತು.

ಪೂಜೆ ಮುಗಿದ ಮೇಲೆ ತಂಗಿ ಎರಡು ವಿಷಯ ಕೇಳಿದಳು. ವಾರದ ಕಾಪಿ ತೆಗೆಯುವ ದಿನ ಅದೇ ಆಗಿತ್ತು, ತೆಗೆಯಲೇ ಅಂದಳು. ಆಮೇಲೆ ಯಂತ್ರ ಮುಚ್ಚಲೇ ಅಂದಳು. ಮ್ಯಾನೇಜರು ನನ್ನ ಕಡೆ ತಿರುಗಿ, "ಪೂಜೆಗೆ ಇಟ್ಟಿದ್ದನ್ನ ವಿಜಯದಶಮಿ ಕಳೆಯೋ ತನಕ ಮುಟ್ತಾರೇನಮ್ಮಾ? ಅಕ್ಕ ಇಷ್ಟು ಭಕ್ತರು, ಇವಳಿಗೆ ಇಷ್ಟೂ ಹೇಳ್ಕೊಟ್ಟಿಲ್ವಾ?" ಅಂದರು. ನಮ್ಮ ಮನೆಯಲ್ಲೂ ಪೂಜೆಗಿಟ್ಟ ಹೊಲಿಗೆ ಮೆಷಿನ್ನನ್ನು ನಾನು ಮುಟ್ಟುವುದಿಲ್ಲ, ನಿಜ. ಆದರೆ ನನ್ನ ಹೊಲಿಗೆ ಮೆಷಿನ್ನಿಗೂ ಪಕ್ಕದ ಮನೆಯ ಮೆಷಿನ್ನಿಗೂ ತಂತಿ ಕಟ್ಟಿರುವುದಿಲ್ಲ. ಅಲ್ಲಿ ಒಂದಕ್ಕೊಂದು ತಂತಿ ಕಟ್ಟಿದ ಯಂತ್ರಗಳು ಮಾಲೆ ಹಾಕಿಕೊಂಡು, ತೆರೆದ ಕಣ್ಣಲ್ಲೇ, ಬೀಗ ಹಾಕಿದ ಕೋಣೆಯಲ್ಲಿ ರಜೆ ಮುಗಿಯುವ ತನಕ ಉರಿಯುತ್ತಿದ್ದವು. ಸಿಡಿಯಲ್ಲಿ ಹಾಡಿನ ಜೊತೆ ಬಂದಿದ್ದ ವೈರಸ್ಸಿಗೆ ಅಷ್ಟು ಸಾವಕಾಶ ಯಾರು ಕೊಡುತ್ತಾರೆ?

ರಜೆ ಮುಗಿಸಿ ಹೋದಾಗ ಒಂದು ಯಂತ್ರವೂ ನೆಟ್ಟಗಿರಲಿಲ್ಲ. ಯಾವ ದೇಶಕ್ಕೆ ಯಾವ ಅಳತೆಯ ಅಂಗಿ ಎಷ್ಟು ಅನ್ನುವುದೆಲ್ಲ ಅಳಿಸಿ ಹೋಗಿತ್ತು. ಆ ವಾರದ ಕಾಪಿಯೂ ಇರಲಿಲ್ಲ. ಇಂದಿರಾನಗರದಿಂದ ಬಂದ ರಿಪೇರಿಯವರು ನೋಡಿ, ಶುರುವಾದದ್ದು ಈ ಯಂತ್ರದಿಂದ, ಸಿಡಿ ಓಡಿದ್ದು ಈ ಹೆಸರಿನಲ್ಲಿ ಅಂತ ತಂಗಿಯ ಕಡೆ ಬೆರಳು ತೋರಿಸಿದರು. ಅವರು ಕಂಡದ್ದನ್ನೇ ಹೇಳಿದರು, ಅವರ ಮೇಲೆ ನನಗೇನೂ ಇಲ್ಲ. ಮ್ಯಾನೇಜರು ಏನು ಹೇಳಿದರು ಗೊತ್ತೇ? ಹೊಸ ಹುಡುಗಿ, ಹಾಡು ಕೇಳುವ ಆಸೆಗೆ ಹಾಕಿದ್ದಾಳೆ, ಎಷ್ಟು ಹೇಳಿಕೊಟ್ಟರೂ ಇವರಿಗೆ ತಲೆಗೆ ಹೋಗುವುದಿಲ್ಲ ಅಂದರಂತೆ. ಅಂದು ಕಡಲೆಪುರಿ ತಿಂದು ನಕ್ಕವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ನಾನೇ ಒಪ್ಪಿಗೆಯಿಲ್ಲದೆ ಸಿಡಿ ಹಾಕಿದೆ ಅಂತ ತಂಗಿ ಬರೆದುಕೊಟ್ಟರೆ ಇನ್ನೊಂದು ಆರು ತಿಂಗಳು ಇಟ್ಟುಕೊಂಡು ನೋಡುತ್ತಾರಂತೆ. ಇಲ್ಲದಿದ್ದರೆ ಕಾಯಂ ಮಾತು ಬಿಡು, ನಾಳೆಯಿಂದ ಬರುವುದೇ ಬೇಡ. ಅವಳು ಇದನ್ನು ಹೇಳಿ ಊಟ ಮುಟ್ಟದೆ ಮಲಗಿದಳು. ನಮ್ಮವರು ಒಳ್ಳೆಯ ಮನಸ್ಸಿನಿಂದಲೇ, ಬರೆದುಕೊಟ್ಟುಬಿಡಲಿ, ಕೆಲಸ ಉಳಿಯುತ್ತದೆ ಅಂದರು. ನಾನು ಅವರ ಮೇಲೂ ರೇಗಿದೆ. ಬೆಳಿಗ್ಗೆ ಪೂಜೆಗೆ ಕೂತರೆ ಮಂತ್ರ ಬಾಯಿಗೆ ಬರಲಿಲ್ಲ. ಆ ತಾಯಿಯ ಫೋಟೋ ನೋಡಿ, ನಿನ್ನ ಹೆಸರಿನಲ್ಲಿ ಇದೆಲ್ಲ ನಡೆದಿದೆ, ನಿನಗಾದರೂ ನಾಚಿಕೆ ಬೇಡವೇ ಅಂತ ಕೇಳಿದೆ. ಕೇಳಿ, ಸೆರಗು ಸರಿಮಾಡಿಕೊಂಡು ತಂಗಿಯ ಜೊತೆ ಬಸ್ಸು ಹತ್ತಿದೆ.

ಮಾಲೀಕರು ವಯಸ್ಸಾದವರು. ಕೂರಿಸಿ ನೀರು ಕೊಡಿಸಿದರು. ಅವರ ತಲೆಯ ಮೇಲೆ ಗೋಡೆಯಲ್ಲಿ ನಾನು ಕಟ್ಟಿದ ಸೇವಂತಿಗೆ ಮಾಲೆ ಬಾಡಿ ನೇತಾಡುತ್ತಿತ್ತು. ಮ್ಯಾನೇಜರನ್ನೂ ಕರೆಸಿದರು.

"ಸಿಡಿ ಇವರ ಜೇಬಿಂದ ಬಂತು. ಹಾಕಿದ್ದೂ ಇವರೇ. ನಾನು ಪಕ್ಕದಲ್ಲಿ ನಿಂತಿದ್ದೆ," ಅಂದೆ.

ಮ್ಯಾನೇಜರು ನನ್ನನ್ನು ನೋಡಲಿಲ್ಲ. "ಆಫೀಸ್ ವಿಷಯಕ್ಕೆ ಮನೆಯವರನ್ನ ಕರ್ಕೊಂಡ್ ಬಂದಿದ್ದಾಳೆ ಸರ್. ಪಾಪ ಈಯಮ್ಮನಿಗೆ ಕಂಪ್ಯೂಟರ್ ಬಗ್ಗೆ ಏನು ಗೊತ್ತು?"

"ಕಂಪ್ಯೂಟರ್ ಗೊತ್ತಿಲ್ಲ ಸ್ವಾಮಿ. ಆರತಿ ತಟ್ಟೆ ಹಿಡ್ಕೊಂಡಿದ್ದೋಳಿಗೆ ಎದುರಿಗೆ ಯಾರು ಕೂತಿದ್ರು ಅಂತ ಕಾಣ್ಸಲ್ವಾ?"

ಮಾಲೀಕರಿಗೆ ಎಲ್ಲ ಅರ್ಥವಾಗಿತ್ತು. ಅದನ್ನು ನೆನೆದರೇ ನನಗೆ ಇನ್ನೂ ಹೆಚ್ಚು ಉರಿಯುವುದು. ಆದರೂ ಅವರು, ಇರಬಹುದು, ಆದರೆ ಯಾರ ಹೆಸರಿನಲ್ಲಿ ಯಂತ್ರ ತೆರೆದಿದೆಯೋ ಜವಾಬ್ದಾರಿ ಅವರದೇ, ನಿಯಮ ನಿಯಮವೇ ಅಂದರು. ಆ ನಿಯಮದ ಪಾಠ ಹೇಳಿದ ಮ್ಯಾನೇಜರು ಅಲ್ಲೇ ಪಕ್ಕದಲ್ಲಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ನಿಂತಿದ್ದರು.

ಆಗ ತಂಗಿ ಎದ್ದು ನಿಂತಳು. "ನಿಯಮ ಒಪ್ತೀನಿ ಸರ್. ಲಾಕ್ ಹಾಕ್ದೆ ಎದ್ದಿದ್ದು ನನ್ನ ತಪ್ಪು, ಅದನ್ನ ಬರ್ಕೊಡ್ತೀನಿ. ಸಿಡಿ ಹಾಕಿದ್ದು ನಾನು ಅಂತ ಬರೆಯಲ್ಲ."

"ಹಾಗಾದ್ರೆ ಕಷ್ಟ ಆಗುತ್ತಮ್ಮ," ಅಂದರು ಮಾಲೀಕರು.

ಅವಳು ತನ್ನ ಊಟದ ಡಬ್ಬಿ ತೆಗೆದುಕೊಂಡು ಹೊರಗೆ ಬಂದಳು. ಹಲಸೂರಿನ ದೇವಸ್ಥಾನದ ಮುಂದೆ ಹಾದು ಬಂದೆವು. ನಾನು ಒಳಗೆ ಕಾಲಿಡಲಿಲ್ಲ, ಚಪ್ಪಲಿ ಬಿಡುವಲ್ಲೇ ನಿಂತೆ. ತಂಗಿಯೇ ಒಳಗೆ ಹೋಗಿ ಕುಂಕುಮ ತಂದು ನನ್ನ ಹಣೆಗೆ ಇಟ್ಟಳು. "ನಿನ್ನ ಕೋಪ ಅವರ ಮೇಲಿರ್ಲಿ ಅಕ್ಕ, ಇಲ್ಲಿ ಬೇಡ," ಅಂದಳು. ಅವತ್ತು ರಾತ್ರಿ ಅವಳು ತಾನಾಗಿ ಕೇಳಿ ಎರಡನೇ ಸಲ ಸಾರು ಹಾಕಿಸಿಕೊಂಡಳು. ಆ ಇಡೀ ತಿಂಗಳಲ್ಲಿ ನನಗೆ ಲೆಕ್ಕಕ್ಕೆ ಸಿಕ್ಕಿದ ದೇವರ ದಯೆ ಅಂದರೆ ಅದೊಂದೇ.

ಮುಂದೆ ಕೃಷ್ಣರಾಜಪುರದ ಸ್ಟೇಷನ್ ಹತ್ತಿರ, ಔಷಧಿ ಸಗಟು ವ್ಯಾಪಾರದವರ ಆಫೀಸಿನಲ್ಲಿ ಅವಳಿಗೆ ಕೆಲಸವಾಯಿತು. ಎರಡು ಬಸ್ಸು ಬದಲಾಯಿಸಬೇಕು, ಧೂಳು, ಲಾರಿಗಳ ಕಾಟ. ಆದರೂ ಕಾಯಂ ಮಾಡಿದರು. ಹೊಸಬರಿಗೆ ಪಾಠ ಹೇಳುವ ಕೆಲಸವನ್ನೂ ಅವಳಿಗೇ ಕೊಟ್ಟರು. ಮರುವರ್ಷದ ಆಯುಧಪೂಜೆಗೆ ಅಲ್ಲಿಯೂ ಕರೆದರು. ಹೋಗಲೋ ಬೇಡವೋ ಅಂತ ಹೂವು ಕಟ್ಟುತ್ತಲೇ ಯೋಚಿಸಿ, ಹೋದೆ.

ನಾನು ಹೋಗುವಷ್ಟರಲ್ಲಿ ಅವಳು ಕಾಪಿ ತೆಗೆದು ಮುಗಿಸಿ, ಆ ಡಿಸ್ಕಿನ ಡಬ್ಬಿಗೂ ಒಂದು ಬೊಟ್ಟು ಕುಂಕುಮ ಇಟ್ಟು ಬೀರುವಿಗೆ ಸೇರಿಸಿದ್ದಳು. ಯಂತ್ರಗಳನ್ನೆಲ್ಲ ಆರಿಸಿದ್ದಳು. ಅಲ್ಲಿನ ಹಿರಿಯ ಗುಮಾಸ್ತರೊಬ್ಬರು ಬಂದು, "ಇದೇನಮ್ಮ, ಕತ್ತಲೆಗೆ ಪೂಜೆ ಮಾಡ್ತಾರಾ? ನಿಂದನ್ನಾದ್ರೂ ಆನ್ ಮಾಡು," ಅಂದರು.

"ಆ ತಾಯಿಗೆ ನಮ್ಮ ಪಾಸ್‌ವರ್ಡ್ ಬೇಕಾಗಲ್ಲ ಸರ್. ಆರಿಸಿದ್ರೂ ಒಳಗಿರ್ತಾಳೆ," ಅಂದಳು ತಂಗಿ, ನಗುತ್ತಾ. ಆದರೆ ಕೈ ಗುಂಡಿಯ ಕಡೆ ಹೋಗಲಿಲ್ಲ. ಗುಮಾಸ್ತರು ಗೊಣಗಿಕೊಂಡು ಗಂಟೆ ಬಾರಿಸಿದರು.

ಆ ಕಪ್ಪು ಪರದೆಗೆ ನಾನೇ ಗಂಧ ಹಚ್ಚಿ ಕುಂಕುಮ ಇಟ್ಟೆ. ಅದರಲ್ಲಿ ನನ್ನ ಮುಖ, ಹಿಂದೆ ತಂಗಿಯ ಮುಖ ಕಂಡವು. ಬರುವಾಗ ಕೃಷ್ಣರಾಜಪುರದಲ್ಲೇ ಇಬ್ಬರಿಗೂ ಕೂರಲು ಸೀಟು ಸಿಕ್ಕಿತು, ಕಿಟಕಿಯ ಪಕ್ಕದ್ದೇ. ಅದಕ್ಕೂ ಕೈ ಮುಗಿದೆ. ಬಸ್ಸು ಹಲಸೂರಿನ ಆ ಆಫೀಸಿನ ಮುಂದೆ ಹಾದಾಗ ಬಾಗಿಲಲ್ಲಿ ಬಾಳೆಕಂದು ಕಟ್ಟಿದ್ದರು, ಒಳಗಿಂದ ದೇವರ ಹಾಡು ಜೋರಾಗಿ ಕೇಳುತ್ತಿತ್ತು. ತಂಗಿ ಆ ಕಡೆ ನೋಡಲಿಲ್ಲ. ನಾನು ನೋಡಿದೆ. ಕೋಪ ಹೋಗಿಲ್ಲ. ಹೋಗಲಿ ಅಂತ ಆ ತಾಯಿಯನ್ನು ನಾನು ಬೇಡಿಕೊಂಡೂ ಇಲ್ಲ.